ಕಾರವಾರದಿಂದ ಘಟ್ಟದ ಮೇಲಕ್ಕೆ: ಬುಕಾನನ್ ನಡೆದ ದಾರಿ

ಕಾರವಾರ: ಕಾಳಿ ನದಿಯ ದಂಡೆ ಹಿಡಿದು ಕದ್ರಾ, ಕೈಗಾ ಮಾರ್ಗವಾಗಿ ಯಲ್ಲಾಪುರಕ್ಕೆ ಏರುವ ದಾರಿಯ ಆಸುಪಾಸಿನಲ್ಲಿ ರಜಾದಿನಗಳಂದು ದಪ್ಪ ಟಯರಿನ, ಬಾಗಿದ ಹ್ಯಾಂಡಲಿನ ಸೈಕಲ್ಲುಗಳು ಕಾಣಸಿಗುತ್ತವೆ. ಡಾಂಬರು ರಸ್ತೆಯನ್ನು ಬಿಟ್ಟು ಜಲ್ಲಿ, ಕೆಮ್ಮಣ್ಣು, ಒಣಗಿದ ಎಲೆಗಳ ಹಾದಿಯನ್ನೇ ಅರಸಿ ಹೋಗುವ ಈ ಹವ್ಯಾಸಕ್ಕೆ ಗ್ರಾವೆಲ್ ಬೈಕಿಂಗ್ ಎಂಬ ಹೆಸರು. ಯುರೋಪಿನಲ್ಲಿ, ಅದರಲ್ಲೂ ಫ್ರಾನ್ಸಿನ ಒಳನಾಡಿನ ಮಲೆಸೀಮೆಗಳಲ್ಲಿ, ಇದಕ್ಕೆಂದೇ ಗುರುತು ಹಾಕಿದ ಮಾರ್ಗಗಳಿವೆ. ಕಾರವಾರ ಮತ್ತು ಅಂಕೋಲೆಗಳಲ್ಲಿ ಅಂತಹ ಗುರುತುಗಳಿಲ್ಲ. ಆದರೆ ಈ ಹಾದಿಯನ್ನು ಹಂತಹಂತವಾಗಿ, ದಿನಕ್ಕೊಂದು ತಂಗುದಾಣದ ಲೆಕ್ಕದಲ್ಲಿ ಬರೆದಿಟ್ಟವನೊಬ್ಬನಿದ್ದಾನೆ. ಅವನು 1801ರಲ್ಲಿ ಇಲ್ಲಿಗೆ ಬಂದಿದ್ದ. ಹೆಸರು ಫ್ರಾನ್ಸಿಸ್ ಬುಕಾನನ್.

ಕರ್ನಾಟಕದ ಇತಿಹಾಸ ಓದಿದವರಿಗೆ ಬುಕಾನನ್ ಅಪರಿಚಿತನಲ್ಲ. ಯಾವ ತಾಲೂಕಿನ ಗೆಜೆಟಿಯರ್ ತೆರೆದರೂ ಅವನ ಹೆಸರು ಒಂದಿಲ್ಲೊಂದು ಪುಟದಲ್ಲಿ ಎದುರಾಗುತ್ತದೆ. ಆದರೆ ಆ ಹೆಸರಿನ ಹಿಂದಿನ ಮನುಷ್ಯನ ಬದುಕು ಅಷ್ಟಾಗಿ ತಿಳಿದಿಲ್ಲ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಕ್ಯಾಲೆಂಡರ್ ಬಳಿ. ಅದೂ ಬೆಟ್ಟಗುಡ್ಡಗಳ ನಾಡೇ. ತಂದೆ ವೈದ್ಯ. ಮಗನೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರಿಂದ ಸಸ್ಯಶಾಸ್ತ್ರದ ಹುಚ್ಚು ಅಂಟಿಕೊಂಡಿತು. ಆ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಕೆಲಕಾಲ ಹಡಗಿನಲ್ಲಿ ವೈದ್ಯನಾಗಿ ಏಷ್ಯದ ಕಡೆಗೆ ಪ್ರಯಾಣ ಮಾಡಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾದ ಆವಾ ಆಸ್ಥಾನಕ್ಕೆ ಹೊರಟ ನಿಯೋಗದೊಂದಿಗೆ ಹೋದ. 1798ರಲ್ಲಿ ಸಾಂಬಾರ ಪದಾರ್ಥಗಳ ಬೇಸಾಯಕ್ಕೆ ತಕ್ಕ ನೆಲ ಹುಡುಕುತ್ತ ಚಿತ್ತಗಾಂಗಿನ ಬೆಟ್ಟಗಳನ್ನು ಸುತ್ತಿದ. ಗುರುತಿಲ್ಲದ ದಾರಿಗಳಲ್ಲಿ ಹೋಗಿ, ಕಂಡದ್ದನ್ನು ಅಂದಂದೇ ಬರೆದಿಡುವ ಅಭ್ಯಾಸ ಅವನಿಗೆ ಹೀಗೆ ಕೈಗೂಡಿತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ್ ಮಡಿದ. ಕಂಪನಿಯ ಕೈಗೆ ಬಂದ ನೆಲದಲ್ಲಿ ಏನಿದೆ, ಏನು ಬೆಳೆಯುತ್ತದೆ, ಎಷ್ಟು ಕಂದಾಯ ಹುಟ್ಟಬಹುದು ಎಂಬುದು ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಆ ಕೆಲಸಕ್ಕೆ ಆಯ್ಕೆಯಾದವನು ಬುಕಾನನ್. ಬೇಸಾಯ, ದನಕರು, ಹತ್ತಿ, ಮೆಣಸು, ಏಲಕ್ಕಿ, ಗಂಧ, ಗಣಿ, ಕೈಕಸುಬು, ಹವೆ, ಜನಜೀವನ ಎಲ್ಲವನ್ನೂ ವಿಚಾರಿಸಿ ವರದಿ ಮಾಡಬೇಕೆಂಬ ಆದೇಶ ಹೊತ್ತು ಅವನು 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ. ಆಗ ವಯಸ್ಸು 38.

ಮೈಸೂರು ಸೀಮೆ, ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ ಮಂಗಳೂರಿನ ಕಡೆಯಿಂದ ಉತ್ತರಕ್ಕೆ ಬಂದ ಬುಕಾನನ್ 1801ರ ಫೆಬ್ರವರಿಯಲ್ಲಿ ಇಂದಿನ ಉತ್ತರ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿದ. ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಅಷ್ಟರಲ್ಲಿ ವರ್ಗವಾಗಿ ಹೋಗಿದ್ದ. ಉತ್ತರ ಭಾಗದ ಆಡಳಿತ ರೀಡ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಭಟ್ಕಳ, ಹೊನ್ನಾವರ, ಮಿರ್ಜಾನ, ಗೋಕರ್ಣಗಳನ್ನು ದಾಟಿ ಬುಕಾನನ್ ಅಂಕೋಲೆ ತಲುಪಿದ. ಅಂದಿನ ಅಂಕೋಲೆಯೆಂದರೆ ಒಂದು ಹಾಳು ಕೋಟೆ, ಅದರ ಪಕ್ಕದಲ್ಲಿ ಹಲವು ಬಾರಿ ಸುಟ್ಟುಹೋಗಿ ಮತ್ತೆ ತಲೆಯೆತ್ತುತ್ತಿದ್ದ ಸಣ್ಣ ಪೇಟೆ. ಅಲ್ಲಿಂದ ಚೆಂಡಿಯಾ ಮಾರ್ಗವಾಗಿ ಕಾಳಿ ನದಿಯ ಅಳಿವೆಗೆ, ನದಿಯಾಚೆಯ ಸದಾಶಿವಗಡಕ್ಕೆ.

ಕಾರವಾರದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬುಕಾನನ್ ನೋಡಿದ ಕಾರವಾರ ಇಂದಿನ ನಗರವಲ್ಲ. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರು ಮೆಣಸಿಗಾಗಿ, ನಯವಾದ ಬಟ್ಟೆಗಾಗಿ ಕೋಠಿ ಹೂಡಿದ್ದ ಹಳೆಯ ಕಾರವಾರವೆಂದರೆ ನದಿಯ ಒಳಭಾಗದ ಕಡವಾಡ. ಬುಕಾನನ್ ಬರುವ ಹೊತ್ತಿಗೆ ಅದು ಹಾಳು ಬಿದ್ದಿತ್ತು. ಇಂದಿನ ಪಟ್ಟಣ ಬೆಳೆದದ್ದು 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಸೇರಿದ ನಂತರ. ಅಂದು ಕಾಳಿ ನದಿಯನ್ನು ದಾಟಲು ದೋಣಿಯೇ ಗತಿ. ಮುಂದೆ ಸೇತುವೆ ಬಂದಿತು. ಆ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಒಂದು ರಾತ್ರಿ ನದಿಗೆ ಕುಸಿದು ಬಿದ್ದುದನ್ನು ಓದುಗರು ಮರೆತಿರಲಾರರು. ಅದಕ್ಕೆ ಕೆಲವೇ ವಾರ ಮೊದಲು, ಜುಲೈ 16ರಂದು, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಹಲವರು ಪ್ರಾಣ ತೆತ್ತರು. ಈ ಸೀಮೆಯಲ್ಲಿ ದಾರಿಯೆಂಬುದು ಅಂದೂ ಸುಲಭವಾಗಿರಲಿಲ್ಲ, ಇಂದೂ ಅಲ್ಲ.

ಮಾರ್ಚ್ ಮೊದಲ ಭಾಗದಲ್ಲಿ ಬುಕಾನನ್ ಕರಾವಳಿಗೆ ಬೆನ್ನು ಹಾಕಿ ಕಾಳಿ ಕಣಿವೆಯನ್ನು ಹಿಡಿದು ಒಳನಾಡಿಗೆ ಹೊರಟ. ಕದ್ರಾದವರೆಗೆ ನದಿಯಲ್ಲಿ ದೋಣಿಗಳು ಹೋಗಬಲ್ಲವು. ಆಮೇಲೆ ಕಾಡು, ಏರು. ದೇವಕಾರದ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ ಸೇರಿದ. ಒಂದು ದಿನಕ್ಕೆ ಹತ್ತೋ ಹನ್ನೆರಡೋ ಮೈಲಿ ಸಾಗಿದರೆ ಹೆಚ್ಚು. ಎಲ್ಲಿ ಬೀಡು ಬಿಟ್ಟರೂ ಮಣ್ಣು ಯಾವ ಬಗೆಯದು, ನೀರು ಎಲ್ಲಿಂದ ಬರುತ್ತದೆ, ಬಿತ್ತನೆ ಯಾವಾಗ, ಗೊಬ್ಬರ ಏನು, ಗೇಣಿ ಎಷ್ಟು ಎಂದು ದುಬಾಷಿಯ ಮೂಲಕ ರೈತರನ್ನು ಕೂರಿಸಿಕೊಂಡು ಕೇಳುವುದು ಅವನ ಕ್ರಮ. ಗುಡ್ಡದ ಮೇಲಿನ ಕಾಡು ಕಡಿದು ಸುಟ್ಟು ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯವನ್ನು ದಾಖಲಿಸಿದ. ಸಾಗುವಾನಿ ಮರಗಳನ್ನು ಗಮನಿಸಿದ. ಕಂಪನಿಗೆ ಹಡಗು ಕಟ್ಟಲು ಮರ ಬೇಕಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾರವಾರದ ಸುತ್ತಿನ ಈ ಕಾಡಿನಲ್ಲಿಯೇ ಬುಕಾನನ್ ಬರೆದ ಒಂದು ಟಿಪ್ಪಣಿ ಇಂದಿಗೂ ವಿದ್ವಾಂಸರ ನಡುವೆ ಜೀವಂತವಾಗಿದೆ. ಊರಿನ ಕಾಡು ಊರ ದೇವರ ಸ್ವತ್ತು ಎಂದು ಜನರು ಅವನಿಗೆ ತಿಳಿಸಿದರು. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು. ಗೌಡಿಕೆ ವಂಶಪಾರಂಪರ್ಯವಾದುದು, ಗೌಡನೇ ಆ ದೇವರ ಪೂಜಾರಿ. ಅಪ್ಪಣೆಗೆ ಕಾಣಿಕೆಯಿಲ್ಲ, ಆದರೆ ಕೇಳದೆ ಕಡಿದವನಿಗೆ ದೇವರ ಕಾಟ ತಪ್ಪದು. ಇಷ್ಟನ್ನೂ ಚ್ಯುತಿಯಿಲ್ಲದೆ ಬರೆದುಕೊಂಡ ಬುಕಾನನ್ ಕೊನೆಗೆ ತನ್ನ ಅಭಿಪ್ರಾಯವನ್ನೂ ಸೇರಿಸಿದ: ಸರಕಾರವು ಕಾಡಿನ ಮೇಲೆ ಹಕ್ಕು ಹೇಳದಂತೆ ತಡೆಯಲು ಜನರು ಹೂಡಿದ ಉಪಾಯವಿದು ಎಂಬುದು ಅವನ ತೀರ್ಮಾನ.

ನೋಡುವ ಕಣ್ಣು ಎಷ್ಟೇ ಚುರುಕಾಗಿದ್ದರೂ ಯಾರ ಪರವಾಗಿ ನೋಡುತ್ತಿದ್ದಾನೆ ಎಂಬುದು ಈ ಒಂದೇ ಸಾಲಿನಲ್ಲಿ ಬಯಲಾಗುತ್ತದೆ. ಹಣ ಪಡೆಯದೆ, ಅಪ್ಪಣೆಯೊಂದರಿಂದಲೇ ಕಾಡನ್ನು ಕಾಯುವ ವ್ಯವಸ್ಥೆಯೊಂದು ಅವನ ಎದುರಿಗಿತ್ತು. ಅವನಿಗೆ ಅದು ಕಂದಾಯ ತಪ್ಪಿಸುವ ತಂತ್ರವಾಗಿ ಕಂಡಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದೇವರಕಾಡುಗಳ ಕುರಿತು ಬರೆಯುವಾಗ ಈ ಟಿಪ್ಪಣಿಯನ್ನು ಎತ್ತಿಕೊಂಡದ್ದು ಇದೇ ಕಾರಣಕ್ಕೆ. ಮುಂದೆ ಏನಾಯಿತೆಂಬುದು ಜಿಲ್ಲೆಯ ಜನರಿಗೆ ಗೊತ್ತು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಕುಮರಿಗೆ ನಿರ್ಬಂಧ ಬಂದಿತು, 1878ರ ಅರಣ್ಯ ಕಾಯ್ದೆಯ ಬಳಿಕ ಕಾಡು ಸರಕಾರದ್ದಾಯಿತು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದ ಮೇಲೂ ಅತಿಕ್ರಮಣದಾರರೆಂಬ ಹಣೆಪಟ್ಟಿ ಹೊತ್ತ ಕುಟುಂಬಗಳು ಅರ್ಜಿ ಹಿಡಿದು ಕಚೇರಿ ಅಲೆಯುವುದು ತಪ್ಪಿಲ್ಲ. ಇದಕ್ಕೆಲ್ಲ ಬುಕಾನನ್ ಒಬ್ಬನೇ ಹೊಣೆ ಎನ್ನಲಾಗದು. ಆದರೆ ಕಾಡು ಯಾರದು ಎಂಬ ಪ್ರಶ್ನೆ ಈ ಕಣಿವೆಯಲ್ಲಿ ಕಂಪನಿಯ ಕಾಗದದ ಮೇಲೆ ಮೂಡಿದ್ದು ಅವನ ಲೇಖನಿಯಿಂದ. ಅವನು ಕಂದಾಯದ ಲೆಕ್ಕ ಕೇಳಿದ ಅಂಕೋಲೆಯೇ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೂ ಅದರ ಹಿಂದೆಯೇ ಕರನಿರಾಕರಣೆಗೂ ಹೆಸರಾದದ್ದು ಇತಿಹಾಸದ ಮತ್ತೊಂದು ತಿರುವು.

ಯಲ್ಲಾಪುರದಿಂದ ಬುಕಾನನ್ ಸೋದೆಗೆ ಬಂದು ಹಾಳಾದ ರಾಜಧಾನಿಯನ್ನು ಕಂಡ. ಹೈಗ ಬ್ರಾಹ್ಮಣರ ಅಡಿಕೆ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ರೀತಿಯನ್ನು ವಿವರವಾಗಿ ಬರೆದುಕೊಂಡ. ಶಿರಸಿ, ಬನವಾಸಿ, ಕೆಳದಿ, ಇಕ್ಕೇರಿ, ನಗರ, ಹರಿಹರ, ಚಿತ್ರದುರ್ಗಗಳ ಮೂಲಕ ಸಾಗಿದ ಪ್ರವಾಸ ಅದೇ ವರ್ಷ ಮುಗಿಯಿತು. ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಪ್ರಕಟವಾಯಿತು. ಒಂದೇ ವಿಷಯ ಹತ್ತು ಕಡೆ ಬರುವ, ಊರ ಹೆಸರುಗಳು ಗುರುತು ಸಿಗದಷ್ಟು ವಿಕಾರಗೊಂಡಿರುವ ಪುಸ್ತಕವಿದು. ಓದುವುದು ಸುಲಭವಲ್ಲ. ಆದರೆ ದಿನಚರಿಯ ರೂಪದಲ್ಲೇ ಉಳಿದುದರಿಂದ ಒಂದು ಲಾಭವಾಗಿದೆ: ಅವನ ಹಿಂದೆಯೇ ಹೆಜ್ಜೆ ಹಾಕಬಹುದು.

ಎಡಿನ್‌ಬರೋದವನೇ ಆದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1878ರಲ್ಲಿ ಒಂದು ಹೆಣ್ಣುಕತ್ತೆಯೊಡನೆ ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಲ್ಲಿ ಹನ್ನೆರಡು ದಿನ ನಡೆದು ಪುಸ್ತಕ ಬರೆದ. ಫ್ರೆಂಚರು ಆ ಹಾದಿಗೆ ಅವನ ಹೆಸರನ್ನೇ ಇಟ್ಟು, ಗುರುತು ಹಾಕಿ, ದಾರಿಯುದ್ದಕ್ಕೂ ಹಳ್ಳಿಗರಿಗೆ ಒಂದಿಷ್ಟು ವರಮಾನವಾಗುವಂತೆ ಮಾಡಿದ್ದಾರೆ. ಕಾಳಿ ಕಣಿವೆಯಲ್ಲಿ ಅದು ಅಷ್ಟು ಸರಳವಲ್ಲ. ಬುಕಾನನ್ ಸಾಗಿದ ಕಣಿವೆಯ ನೆಲದಲ್ಲಿ ಕದ್ರಾ ಮತ್ತು ಕೊಡಸಳ್ಳಿ ಅಣೆಕಟ್ಟೆಗಳ ಹಿನ್ನೀರು ನಿಂತಿದೆ. ಕೈಗಾದಲ್ಲಿ ಅಣುಸ್ಥಾವರವಿದೆ. ಅತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಇತ್ತ ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹಾದಿಗಳಿಗೆ ಸೈಕಲ್ ಇಳಿಸುವಂತಿಲ್ಲ. ಅಂದು ಗೌಡನ ಅಪ್ಪಣೆ, ಇಂದು ವಲಯ ಅರಣ್ಯಾಧಿಕಾರಿಯದು.

ಬುಕಾನನ್‌ನ ಮುಂದಿನ ಬದುಕು ದುಡಿಮೆಯಿಂದ ತುಂಬಿದ್ದರೂ ಅದರಲ್ಲಿ ಸುಖವಿದ್ದಂತೆ ತೋರದು. 1802ರಲ್ಲಿ ನೇಪಾಳಕ್ಕೆ ಹೋದ. 1807ರಿಂದ ಏಳು ವರ್ಷ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಸಮೀಕ್ಷೆ ಮಾಡಿದ. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ. ಆದರೆ ಆರೋಗ್ಯ ಕೆಟ್ಟಿತ್ತು. ಮರುವರ್ಷ ಊರಿಗೆ ಹೊರಟಾಗ, ವರ್ಷಗಟ್ಟಲೆ ಬರೆಯಿಸಿದ್ದ ಗಿಡ, ಪ್ರಾಣಿಗಳ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ಅವು ಸರಕಾರದ ಸ್ವತ್ತು ಎಂಬ ಕಾರಣಕ್ಕೆ ಕಲ್ಕತ್ತೆಯಲ್ಲೇ ಉಳಿದವು. ಊರ ಕಾಡಿನ ಮೇಲೆ ಸರಕಾರದ ಹಕ್ಕನ್ನು ಸಹಜವೆಂದು ಬಗೆದಿದ್ದವನಿಗೆ ಆ ಹಕ್ಕಿನ ಬಿಸಿ ಕೊನೆಗೆ ತನಗೇ ತಟ್ಟಿತು.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದು ಹೆಸರಿನೊಂದಿಗೆ ಹ್ಯಾಮಿಲ್ಟನ್ ಎಂದು ಸೇರಿಸಿಕೊಂಡ. 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತು ಅವನು ಹೊರತಂದ ಗ್ರಂಥ ಮತ್ಸ್ಯಶಾಸ್ತ್ರಜ್ಞರಿಗೆ ಇಂದಿಗೂ ಆಧಾರ. ಪಾಯಸಕ್ಕೆ ಹಾಕುವ ಚಾರೋಳಿ ಬೀಜದ ಮರಕ್ಕೆ ಸಸ್ಯಶಾಸ್ತ್ರದಲ್ಲಿರುವ ಬುಕನಾನಿಯಾ ಎಂಬ ಕುಲನಾಮ ಅವನಿಂದಲೇ ಬಂದದ್ದು. 1829ರ ಜೂನ್ 15ರಂದು, 67ನೇ ವಯಸ್ಸಿನಲ್ಲಿ, ಬುಕಾನನ್ ತೀರಿಕೊಂಡ. ಬಂಗಾಳ ಮತ್ತು ಬಿಹಾರಗಳ ಸಮೀಕ್ಷೆಯ ಹಸ್ತಪ್ರತಿಗಳನ್ನು ಮಾಂಟ್‌ಗೊಮೆರಿ ಮಾರ್ಟಿನ್ ಎಂಬಾತ ಸಂಕ್ಷೇಪಿಸಿ 1838ರಲ್ಲಿ ಮುದ್ರಿಸಿದಾಗ ಮುಖಪುಟದಲ್ಲಿ ಬುಕಾನನ್‌ನ ಹೆಸರೇ ಇರಲಿಲ್ಲ.