ತಲೆಮೇಲೆ ಪುಸ್ತಕ ಹೊತ್ತ ಗಳಗನಾಥರು



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿಯ ವಿಷಯವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತದೆ. ನಾನು ನಮ್ಮ ಜಿಲ್ಲೆಯ ಒಬ್ಬ ಹಿರಿಯರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅವರೇ ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರು.

ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹಾವೇರಿ ತಾಲೂಕಿನ ಗಳಗನಾಥದಲ್ಲಿ ಹುಟ್ಟಿದರು. ವರದೆ ಬಂದು ತುಂಗಭದ್ರೆಯನ್ನು ಕೂಡುವ ಊರು ಅದು. ಮುಂದೆ ಬರಹಕ್ಕೆ ಹುಟ್ಟಿದೂರಿನ ಹೆಸರನ್ನೇ ಇಟ್ಟುಕೊಂಡರು. ದುಡಿಮೆಗೆ ಹಿಡಿದದ್ದು ಸಾಲಿ ಮಾಸ್ತರಿಕೆ.

ಆಗ ನಮ್ಮ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ಮರಾಠಿಯದೇ ಜೋರು. ಓದಿದವರು ಮರಾಠಿ ಕಾದಂಬರಿ ಓದುತ್ತಿದ್ದರು; ಕನ್ನಡದಲ್ಲಿ ಹಿಡಿದರೆ ಬಿಡಬಾರದು ಅನ್ನಿಸುವಂಥ ಕಥೆ ಪುಸ್ತಕಗಳೇ ಕಡಿಮೆ. ಓದು ಕಲಿತ ಹುಡುಗನಿಗೆ ಓದಲು ಪುಸ್ತಕವೇ ಇಲ್ಲದಿದ್ದರೆ ಕಲಿತದ್ದು ಉಳಿಯುವುದಾದರೂ ಹೆಂಗೆ? ಗಳಗನಾಥರು ಈ ಕೆಲಸಕ್ಕೆ ಕೈ ಹಾಕಿದರು. ಅವರ 'ಪ್ರಬುದ್ಧ ಪದ್ಮನಯನೆ'ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಸ್ಥಾಪನೆಯ ಕಥೆಯನ್ನು 'ಮಾಧವ ಕರುಣಾವಿಲಾಸ'ದಲ್ಲಿ ಸ್ವತಂತ್ರವಾಗಿ ಬರೆದರು. 1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಾಗ ಅದರ ಸಂಪಾದಕರಾಗಿ ದುಡಿದರು.

ಬರೆಯುವುದೇನೋ ಆಯಿತು, ಓದುವವರಿಗೆ ಮುಟ್ಟಿಸುವುದು ಹೇಗೆ? ಕಾಗದಕ್ಕೆ, ಅಚ್ಚಿಗೆ ರೊಕ್ಕ ಮೊದಲೇ ಕೊಡಬೇಕು. ಹಳ್ಳಿಯಲ್ಲಿ ಪುಸ್ತಕದ ಅಂಗಡಿ ಎಲ್ಲಿಂದ ಬರಬೇಕು? ಮಾಲು ಮನೆಯಲ್ಲೇ ಬಿದ್ದರೆ ಗೆದ್ದಲ ಪಾಲು. ಈ ಕಷ್ಟ ರೈತರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಳಗನಾಥರು ಪುಸ್ತಕದ ಗಂಟನ್ನು ತಲೆಮೇಲೆ ಹೊತ್ತು ಊರೂರು ತಿರುಗಿದರು. ಮನೆಮನೆಗೆ ಹೋಗಿ ಮಾರಿದರು. ಬರೆದವರೂ ಅವರೇ, ಹೊತ್ತವರೂ ಅವರೇ. ಅಷ್ಟು ದೊಡ್ಡ ಲೇಖಕರು ಅದಕ್ಕೆ ನಾಚಿಕೆ ಪಡಲಿಲ್ಲ. ಇದರಿಂದ ಶ್ರೀಮಂತರೂ ಆಗಲಿಲ್ಲ. ಬಡತನ ಕೊನೆತನಕ ಬೆನ್ನು ಬಿಡಲಿಲ್ಲ. 1942ರಲ್ಲಿ ತೀರಿಕೊಂಡರು. ಆದರೆ ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿ ಹೋದರು.

ಇನ್ನೊಂದು ಮಾತು. 'ಸದ್ಬೋಧ ಚಂದ್ರಿಕೆ' ಹೊರಡುವ ಎರಡೇ ವರ್ಷ ಮೊದಲು, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆಗ ಇದೆಲ್ಲ ಒಂದೇ ಧಾರವಾಡ ಜಿಲ್ಲೆ. ಒಬ್ಬರು ರೈತನ ಮನೆಬಾಗಿಲಿಗೆ ಸಾಲ ತಂದರು, ಇನ್ನೊಬ್ಬರು ಪುಸ್ತಕ ತಂದರು. ನಾವು ಮೊದಲನೆಯವರ ದಾರಿಯಲ್ಲಿ 25 ವರ್ಷ ನಡೆದಿದ್ದೇವೆ. ಎರಡನೆಯವರ ದಾರಿಯಲ್ಲಿ ಇನ್ನೂ ಕಾಲಿಟ್ಟಿಲ್ಲ.

ನಮ್ಮೂರ ಶಾಲೆಯ ಆರು, ಏಳನೇ ಇಯತ್ತೆ ಮಕ್ಕಳನ್ನು ನೋಡಿರಿ. ಓದಲು ಬರುತ್ತದೆ, ಆಸೆಯೂ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕ, ಪಂಚಾಂಗ ಬಿಟ್ಟರೆ ಮತ್ತೊಂದು ಪುಸ್ತಕ ಸಿಗುವುದಿಲ್ಲ. ಕೂಲಿಗೆ ಹೋಗುವ ತಂದೆತಾಯಿಗೆ ಕಥೆ ಪುಸ್ತಕ ಕೊಡಿಸುವ ಶಕ್ತಿ ಎಲ್ಲಿದೆ? ಈ ವಯಸ್ಸಿನಲ್ಲಿ ಓದಿನ ರುಚಿ ಹತ್ತದಿದ್ದರೆ ಮುಂದೆ ಹತ್ತುವುದು ಕಷ್ಟ.

ಆದ್ದರಿಂದ ಸರ್ವಸದಸ್ಯರ ಸಭೆಯ ಮುಂದೆ ನನ್ನದೊಂದು ವಿನಂತಿ. ಸಂಘದ ಲಾಭದಲ್ಲಿ ಪ್ರತಿ ವರ್ಷ ಒಂದಿಷ್ಟು ಹಣ ತೆಗೆದಿಟ್ಟು ಶಾಲೆಗೆ ಪುಸ್ತಕ ಕೊಡಿಸೋಣ. ಯಾವ ಪುಸ್ತಕ ಬೇಕೆಂದು ಗುರುಗಳನ್ನೂ ಕೇಳೋಣ, ಮಕ್ಕಳನ್ನೂ ಕೇಳೋಣ. ಸಾಹಸದ ಕಥೆ, ನಗೆಯ ಕಥೆ, ವಿಜ್ಞಾನ, ಯಾವುದು ಅವರಿಗೆ ಹಿಡಿಸುತ್ತದೋ ಅದೇ ಬರಲಿ. ಕಪಾಟಿಗೆ ಕೀಲಿ ಬೇಡ. ಮಕ್ಕಳು ಮನೆಗೆ ಒಯ್ದು ಓದಲಿ. ಲೆಕ್ಕದ ವಹಿಯನ್ನು ಮಕ್ಕಳೇ ಇಡಲಿ. ಒಂದೆರಡು ಹರಿದರೆ ಹರಿಯಲಿ. ತಡವಾಗಿ ಬಂದ ಪುಸ್ತಕಕ್ಕೆ ನಾವು ಬಡ್ಡಿ ಹಾಕುವುದು ಬೇಡ!

ಗಳಗನಾಥರು ಒಬ್ಬರೇ ಹೊತ್ತ ಭಾರ ಅದು. ನಾವು ಇಷ್ಟು ಮಂದಿ ಸದಸ್ಯರಿದ್ದೇವೆ. ಎಲ್ಲರೂ ಕೈಗೂಡಿಸಿದರೆ ನಮಗದು ಭಾರವೇ ಅಲ್ಲ. ಬರುವ ಸಭೆಯಲ್ಲಿ ಈ ವಿಷಯಕ್ಕೆ ತಾವೆಲ್ಲರೂ ಒಪ್ಪಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಜೈ ಸಹಕಾರ.