ಭಿಕ್ಷುಕನ ವೇಷದ ಗುರು

ನಮ್ಮ ಓಲ್ಡ್ ಟೌನಿನಿಂದ ಹೊಸನಗರದ ಕಡೆಗೆ ಹೋದವರು ಬಿದನೂರಿನ ಕೋಟೆಯನ್ನು ನೋಡಿರಬಹುದು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1681ರಲ್ಲಿ, ಆಕೆಯ ಕರಾವಳಿ ಸೀಮೆಗೆ ಗೋವೆಯಿಂದ ಒಬ್ಬ ಗುರುಗಳು ಬಂದರು. ಅವರೇ ಸಂತ ಜೋಸೆಫ್ ವಾಜ್. ಮಾತೆ ಮರಿಯಮ್ಮನವರ ದಾಸನೆಂದು 1677ರಲ್ಲೇ ಪತ್ರ ಬರೆದು ಒಪ್ಪಿಸಿಕೊಂಡಿದ್ದವರು.

ಧರ್ಮಸಭೆಯ ಅಧಿಕಾರ ಯಾರದೆಂಬ ಜಗಳದಲ್ಲಿ ಕರಾವಳಿಯ ವಿಶ್ವಾಸಿಗಳು ಇಬ್ಭಾಗವಾಗಿದ್ದರು. (ಇಂಥ ಜಗಳ ನಮಗೂ ಹೊಸದಲ್ಲ!) ವಾಜ್ ಸ್ವಾಮಿಗಳು ಪ್ರಾರ್ಥನೆ, ತಾಳ್ಮೆಗಳಿಂದಲೇ ಅವರ ನಡುವೆ ಮೂರು ವರ್ಷ ದುಡಿದರು.

ಆಮೇಲೆ ಸಿಲೋನ್. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ಸ್ವಾಮಿಗಳು ಕೂಲಿಯವನ ವೇಷದಲ್ಲಿ ಯಾಳ್ಪಾಣಕ್ಕೆ ತಲುಪಿ, ಕಾಯಿಲೆಯಿಂದ ನರಳಿದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ನೆಪ ಮಾತ್ರ. ಜಪಸರ ಕಂಡು ಯಾರ ಕಣ್ಣು ಅರಳುವುದೋ ಅವರೇ ಅಡಗಿ ಬಾಳುತ್ತಿದ್ದ ಕ್ರೈಸ್ತರು! ರಾತ್ರಿ ಗುಟ್ಟಾಗಿ ಬಲಿಪೂಜೆ ನಡೆಯುತ್ತಿತ್ತು.

1692ರಲ್ಲಿ ಕ್ಯಾಂಡಿಯ ರಾಜ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟ. ಅದೇ ಊರಿಗೆ 1697ರಲ್ಲಿ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದರು. ಸ್ವಾಮಿಗಳು ಓಡಲಿಲ್ಲ. ಗುಡಿಸಲು ಕಟ್ಟಿ, ಮತಭೇದವೆಣಿಸದೆ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಬೀದಿಗೆ ಬಿದ್ದವನಿಗೂ ಮನುಷ್ಯನ ಮರ್ಯಾದೆ ಸಿಗಬೇಕೆಂಬ ನ್ಯಾಯವನ್ನು ಅವರು ಹೀಗೆ ಕೈಯಾರೆ ಮಾಡಿದರು.

ಮುಂದೆ ಧರ್ಮಾಧ್ಯಕ್ಷ ಪದವಿ ಅರಸಿ ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನೀವು ಮಂಗಳೂರಿಗೆ ಹೋದಾಗ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೂ ಹೋಗಿ ಬನ್ನಿ.