ಬಂದೂಕು ಬೇಡವೆಂದು ಊರು ಬಿಟ್ಟವರು

ಮಕ್ಕಳೇ, ಕ್ಯಾನ್ಸಸ್ ರಾಜ್ಯವನ್ನು ಕಾರಿನಲ್ಲಿ ದಾಟಿದ್ದರೆ ಗಂಟೆಗಟ್ಟಲೆ ಗೋಧಿ ಹೊಲಗಳನ್ನೇ ನೋಡಿರುತ್ತೀರಿ. ಆ ಬಯಲಿಗೆ 1874ರಲ್ಲಿ ಒಂದು ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಬಂತು.

ಊರಿನ ಹೆಸರು ಅಲೆಕ್ಸಾಂಡರ್‌ವೋಲ್. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಅದಿದ್ದ ಮೊಲೊಚ್ನಾ ಎಂಬ ಸೀಮೆ ಈಗ ಉಕ್ರೇನಿನ ದಕ್ಷಿಣದಲ್ಲಿದೆ. ಅಲ್ಲಿದ್ದವರು ಮೆನ್ನೋನೈಟರು. ನೆದರ್ಲೆಂಡ್ಸಿನಲ್ಲಿ 1536ರಲ್ಲಿ ಪಾದ್ರಿಯ ಹುದ್ದೆ ತೊರೆದ ಮೆನ್ನೋ ಸೈಮನ್ಸ್ ಎಂಬಾತನಿಂದ ಅವರಿಗೆ ಆ ಹೆಸರು. ತಿಳಿವಳಿಕೆ ಬಂದವರಿಗಷ್ಟೇ ದೀಕ್ಷಾಸ್ನಾನ, ಆಣೆ ಇಡಬಾರದು, ಯಾರ ಮೇಲೂ ಆಯುಧ ಎತ್ತಬಾರದು ಎಂಬುದು ಅವರ ನಂಬಿಕೆ. ಅದಕ್ಕಾಗಿ ಅವರಲ್ಲಿ ಎಷ್ಟೋ ಜನ ಪ್ರಾಣವನ್ನೇ ಕಳೆದುಕೊಂಡರು. ಉಳಿದವರಲ್ಲಿ ಅನೇಕರು ವಿಸ್ಟುಲಾ ನದಿ ಸಮುದ್ರ ಸೇರುವ ಜೌಗು ನೆಲಕ್ಕೆ ಹೋಗಿ, ನೀರು ಬಸಿದು, ಹೊಲ ಮಾಡಿಕೊಂಡರು.

ಅಲ್ಲಿಂದ ರಷ್ಯಾಕ್ಕೆ ಹೋದದ್ದು ರಾಣಿ ಕ್ಯಾಥರೀನಳ ಕರೆಯ ಮೇರೆಗೆ. ಕುಟುಂಬಕ್ಕೆ ಸುಮಾರು 175 ಎಕರೆ ಜಮೀನು, ಸೈನ್ಯಕ್ಕೆ ಸೇರಬೇಕಾಗಿಲ್ಲ ಎಂಬ ಮಾತು, ಎರಡೂ ಸಿಕ್ಕವು. 1789ರಿಂದ ಒಂದೊಂದೇ ತಂಡ ಹೋಗಿ ನೆಲೆಸಿತು. ಆದರೆ 1870ರ ದಶಕದಲ್ಲಿ ಎರಡನೇ ಅಲೆಕ್ಸಾಂಡರ್ ಚಕ್ರವರ್ತಿ ಎಲ್ಲ ಸಮುದಾಯಗಳ ಗಂಡಸರೂ ಸೈನ್ಯದ ಕರೆಗೆ ಒಳಪಡಬೇಕೆಂದು ಕಾನೂನು ತಂದ. ಬಂದೂಕಿನ ಬದಲು ಕಾಡು ಬೆಳೆಸುವ ಕೆಲಸ ಕೊಡುತ್ತೇವೆ ಎಂದು ಸರ್ಕಾರ ಸ್ವಲ್ಪ ಬಗ್ಗಿತು. ಅದನ್ನು ಒಪ್ಪಿ ಉಳಿದವರೇ ಹೆಚ್ಚು. ಒಪ್ಪದ ಸುಮಾರು 18,000 ಜನ ಮುಂದಿನ ಕೆಲವು ವರ್ಷಗಳಲ್ಲಿ ಅಮೆರಿಕಕ್ಕೂ ಕೆನಡಾಕ್ಕೂ ಹೊರಟರು.

ಅವಸರದಲ್ಲಿ ಹೊರಟವರಲ್ಲ ಇವರು. ಮೊದಲು, 1873ರಲ್ಲಿ, 12 ಜನ ಹಿರಿಯರು ಬಂದು ಇಲ್ಲಿನ ನೆಲ ನೋಡಿಕೊಂಡು ಹೋದರು. ಅವರಲ್ಲೊಬ್ಬ ಅಲೆಕ್ಸಾಂಡರ್‌ವೋಲ್‌ನ ಯಾಕೋಬ್ ಬುಲ್ಲರ್. ಮರುವರ್ಷ ಆ ಊರಿನ ಚರ್ಚಿಗೆ ಸೇರಿದ ಸುಮಾರು 800 ಜನ ಸಿಂಬ್ರಿಯಾ, ಟ್ಯುಟೋನಿಯಾ ಎಂಬ ಎರಡು ಹಡಗುಗಳಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. ಅಜ್ಜ, ಅಜ್ಜಿ, ಎಳೆಕೂಸು ಎಲ್ಲರೂ ಇದ್ದ ಗುಂಪು ಅದು. ಕೆಲವರು ನೆಬ್ರಾಸ್ಕಾಕ್ಕೆ ಹೋದರು, ಹೆಚ್ಚಿನವರು ಕ್ಯಾನ್ಸಸ್‌ನಲ್ಲಿ ಸಾಂತಾ ಫೆ ರೈಲ್ವೆ ಕಂಪನಿಯಿಂದ ಜಮೀನು ಕೊಂಡರು. ಮೊದಲ ಚಳಿಗಾಲವನ್ನು ಅನೇಕ ಕುಟುಂಬಗಳು ರೈಲ್ವೆಯವರು ಕಟ್ಟಿಸಿದ್ದ ಉದ್ದನೆಯ ಛಾವಡಿಗಳಲ್ಲಿ ಒಟ್ಟಿಗೆ ಕಳೆದವು.

ಆ ಬಯಲಿನಲ್ಲಿ ಸೌದೆಗೆ ಮರವಿರಲಿಲ್ಲ. ಮನೆಯ ನಡುವೆ ಇಟ್ಟಿಗೆಯ ದೊಡ್ಡ ಒಲೆ ಕಟ್ಟಿ, ಹುಲ್ಲು ತಿರುಚಿ ಉರಿಸಿದರು. ಅಡುಗೆಯೂ ಆಯಿತು, ಮನೆಯೂ ಬೆಚ್ಚಗಾಯಿತು. ಅವರು ಬರುವ ಹೊತ್ತಿಗೆ ಮಿಡತೆಗಳ ಹಿಂಡು ಆ ಸೀಮೆಯ ಬೆಳೆಯನ್ನೆಲ್ಲ ತಿಂದು ಹಾಕಿತ್ತು. ಇವರು ತಂದ ‘ಟರ್ಕಿ ರೆಡ್’ ಎಂಬ ಗೋಧಿಯನ್ನು ಶರತ್ಕಾಲದಲ್ಲಿ ಬಿತ್ತಿದರೆ ಬೇಸಿಗೆಯ ಶುರುವಿಗೇ, ಮಿಡತೆಗಳು ಬರುವ ಮೊದಲೇ, ಕೊಯ್ಲು. ಎಂಟು ವರ್ಷದ ಹುಡುಗಿಯೊಬ್ಬಳು ಆ ಬೀಜವನ್ನು ಒಂದೊಂದೇ ಕಾಳು ಆರಿಸಿ ತಂದಳೆಂಬ ಕತೆ ಅಲ್ಲಿ ಪ್ರಸಿದ್ಧ. ಕತೆ ಚೆನ್ನಾಗಿದೆ, ಆದರೆ ಆ ಗೋಧಿ ಎಲ್ಲೆಡೆ ಹರಡಿದ್ದು ಬರ್ನ್‌ಹಾರ್ಡ್ ವಾರ್ಕೆಂಟಿನ್ ಎಂಬ ಹಿಟ್ಟಿನ ಗಿರಣಿಯ ಮಾಲೀಕ ಮುಂದೆ ರಷ್ಯಾದಿಂದ ಹೆಚ್ಚಿನ ಬೀಜ ತರಿಸಿದ ಮೇಲೆ, ಅದರ ಗಟ್ಟಿ ಕಾಳನ್ನು ಅರೆಯಬಲ್ಲ ಗಿರಣಿಗಳು ಬಂದ ಮೇಲೆ.

ಇನ್ನೊಂದನ್ನೂ ನೀವು ತಿಳಿದಿರಬೇಕು. ಆ ನೆಲ ಖಾಲಿ ಬಿದ್ದಿರಲಿಲ್ಲ. ಕ್ಯಾನ್ಸಸ್ ಎಂಬ ಹೆಸರೇ ಅಲ್ಲಿದ್ದ ಕಾ ಜನಾಂಗದ್ದು. ಮೆನ್ನೋನೈಟರು ಬರುವ ಒಂದು ವರ್ಷ ಮೊದಲು, 1873ರಲ್ಲಿ, ಸರ್ಕಾರ ಕಾ ಜನರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಹಾಕಿತ್ತು. ನೆಮ್ಮದಿ ಹುಡುಕಿ ಬಂದವರ ಪಾಲಿಗೆ ಬಂದದ್ದು ಇನ್ನೊಬ್ಬರು ಕಳೆದುಕೊಂಡ ನೆಲ.

ಬಂದೂಕಿನ ಪ್ರಶ್ನೆಯೂ ಅವರನ್ನು ಬಿಡಲಿಲ್ಲ. ಒಂದನೇ ಮಹಾಯುದ್ಧದಲ್ಲಿ ಜರ್ಮನ್ ಮಾತಾಡುವ, ಸೈನ್ಯ ಒಲ್ಲೆನ್ನುವ ಈ ಹುಡುಗರು ಬೈಗುಳ ತಿಂದರು, ಕೆಲವರು ಸೆರೆಮನೆ ಸೇರಿದರು. ಸೈನ್ಯದ ಬದಲು ಬೇರೆ ಸೇವೆ ಮಾಡಲು 1940ರ ಕಾನೂನು ಕೊನೆಗೆ ದಾರಿ ಮಾಡಿಕೊಟ್ಟಿತು: ಎರಡನೇ ಮಹಾಯುದ್ಧದ ಹೊತ್ತಿಗೆ ಸಾವಿರಾರು ಮೆನ್ನೋನೈಟ್ ಯುವಕರು ಕಾಡಿನ ಬೆಂಕಿ ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ ಮಾಡಿದರು. ಗೋಧಿಗಿಂತ ಇದೇ ಅವರು ಈ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆ ಎಂಬುದು ನನ್ನ ಅಭಿಪ್ರಾಯ.

ಅಲೆಕ್ಸಾಂಡರ್‌ವೋಲ್ ಹೆಸರಿನ ಚರ್ಚು ಕ್ಯಾನ್ಸಸ್‌ನ ಗೆಸೆಲ್ ಊರಿನ ಬಳಿ ಈಗಲೂ ನಡೆಯುತ್ತಿದೆ. ಆ ಊರಿನಲ್ಲೊಂದು ವಸ್ತುಸಂಗ್ರಹಾಲಯವೂ ಇದೆ. ರಜೆಯಲ್ಲಿ ಆ ಕಡೆ ಹೋದರೆ ಅಪ್ಪ ಅಮ್ಮನಿಗೆ ಹೇಳಿ ಕಾರು ನಿಲ್ಲಿಸಿ, ಒಳಗೆ ಹೋಗಿ ನೋಡಿ ಬನ್ನಿ.